ಹನ್ನೊಂದು ಹುಕ್ಕಿನ ಯಕೃತ್ತು

ಆ ಶನಿವಾರವೂ ನೀರು ಐದೂಮುಕ್ಕಾಲಿಗೇ ಬಂತು. ಮಲ್ಕಾಜ್‌ಗಿರಿಯ ನಮ್ಮ ಬಿಲ್ಡಿಂಗಿಗೆ ದಿನ ಬಿಟ್ಟು ದಿನ ನೀರು. ನಲ್ಲಿ ಮೊದಲು ಬುಸುಗುಟ್ಟಿ, ಆಮೇಲೆ ಎರಡು ಸಲ ಕೆಮ್ಮುತ್ತದೆ. ಆ ಕೆಮ್ಮಿಗೇ ನನಗೆ ಎಚ್ಚರ. ಡ್ರಮ್ಮು, ಕೊಡ, ಕೊನೆಗೆ ದೊಡ್ಡ ಪಾತೇಲಿಯನ್ನೂ ತುಂಬಿಸಿ, ರವೆ ಹುರಿಯಲು ಇಟ್ಟು, ಮಗಳ ಕ್ಯಾನ್ವಾಸ್ ಶೂಗೆ ಬಿಳಿ ಪಾಲಿಶ್ ಬಳಿದೆ. ಶನಿವಾರ ಅವಳ ಶಾಲೆಯಲ್ಲಿ ಬಿಳಿ ಯೂನಿಫಾರ್ಮು. ಹತ್ತಿರದ ರೈಲ್ವೆ ಸ್ಟೇಶನ್ನಿನಲ್ಲಿ ಯಾವುದೋ ಗಾಡಿ ತಡ ಎಂದು ಮೂರು ಭಾಷೆಯಲ್ಲಿ ಸಾರುತ್ತಿದ್ದರು. ಮೂರೂ ಭಾಷೆ ಮುಗಿಯುವಷ್ಟರಲ್ಲಿ ರವೆ ಕೆಂಪಗಾಗಿರುತ್ತದೆ, ಅದು ನನ್ನ ಲೆಕ್ಕ.

ಉಪ್ಪಿಟ್ಟು ತಿನ್ನುತ್ತ ಮಗಳು ವಿಜ್ಞಾನದ ನೋಟ್‌ಬುಕ್ ನನ್ನ ಮುಂದೆ ಸರಿಸಿದಳು. ಆಗ ಆಕೆ ಆರನೆಯ ಇಯತ್ತೆ. ಮೂರನೆಯ ಸಾಲಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು. ಬೇರೆ ದಿನವಾಗಿದ್ದರೆ ನಾನು ರಬ್ಬರ್ ತೆಗೆದುಕೊಂಡು, ಹಾಳೆ ಮಾಸದಂತೆ ಮೆಲ್ಲಗೆ ಒರೆಸಿ, ಅವಳದೇ ಅಕ್ಷರದ ಹಾಗೆ ತಿದ್ದಿ ಬರೆದು, ಪುಡಿ ಊದಿಬಿಡುತ್ತಿದ್ದೆ. ಮೂರು ವಾರಗಳಿಂದ ಅದನ್ನು ಬಿಟ್ಟಿದ್ದೆ. ಸುಮ್ಮನೆ ಪುಟ ಮಗುಚಿದೆ. ಮಗಳು ಚಮಚ ಬಾಯಲ್ಲಿಟ್ಟುಕೊಂಡೇ ನನ್ನ ಮುಖ ನೋಡುತ್ತಿದ್ದಳು.

ಬೂಟಿನ ಲೇಸು ಕಟ್ಟುತ್ತಿದ್ದ ಯಜಮಾನರು ತಲೆಯೆತ್ತಿದರು. "ರಬ್ಬರ್ ಕೆಳಗಿಟ್ಟಿ, ಚಲೋ ಆತು. ಹುಬ್ಬು ಇನ್ನೂ ಕೆಳಗಿಟ್ಟಿಲ್ಲ ನೋಡು."

"ನೀವು ಸುಮ್ನಿರ್ರಿ. ನಿಮಗ ತಡ ಆಗಾಕತ್ತೈತಿ."

ಅವರಿಗೆ ಬೇಗಂಪೇಟೆಯಲ್ಲಿ ಕೆಲಸ. ಶನಿವಾರವೂ ಅಮೆರಿಕದವರಿಗೆ ಏನೋ ಕಳಿಸುವುದಿರುತ್ತಿತ್ತು. ಆಗ ಊರೆಲ್ಲ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಕಂಪನಿ ಕ್ಯಾಬುಗಳ ಹಾರ್ನು, ಪ್ರತಿ ಗೋಡೆಯ ಮೇಲೂ ಕಂಪ್ಯೂಟರ್ ಕ್ಲಾಸಿನ ಚೀಟಿ. ಮಕ್ಕಳು ಮುಂದೆ ಕಂಪನಿ ಸೇರಬೇಕು, ಸೇರಿದ ಮೇಲೆ ಧೈರ್ಯವಾಗಿ ಮಾತಾಡಬೇಕು ಎಂದು ಎಲ್ಲ ತಾಯಿತಂದೆಯರಿಗೂ ಒಂದೇ ಚಿಂತೆ. ಮಗಳ ಶಾಲೆಗೆ ನಾಟಕ ಬಂದದ್ದೂ ಈ ಚಿಂತೆಯ ಬೆನ್ನ ಮೇಲೇ.

ಅದನ್ನು ತಂದವಳು ಮೈಸೂರಿನ ಒಬ್ಬ ಹುಡುಗಿ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡಿಸೈನಿನ ಕೆಲಸ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಬೆನ್ನಿಗೆ ಸದಾ ಒಂದು ಚೀಲ. ರಜೆಯ ದಿನಗಳಲ್ಲಿ ಶಾಲೆಗೆ ಬಂದು ಹೀಗೊಂದು ಕೆಲಸ ಮಾಡಿಕೊಡುತ್ತೇನೆ ಎಂದಿದ್ದಳು. ಹೆಡ್‌ಮಿಸ್ಟ್ರೆಸ್ ಮೇಡಮ್ಮಿಗೆ ಮನಸ್ಸಿನಲ್ಲಿದ್ದದ್ದು ವಾರ್ಷಿಕೋತ್ಸವದ ನಾಟಕ. ಪರದೆ, ಮೈಕು, ಮುಂದಿನ ಸಾಲಿನಲ್ಲಿ ಸೋಫಾ. ಹುಡುಗಿ ಹೇಳಿದ್ದು ಬೇರೆ. ಪಾಠವನ್ನೇ ಕ್ಲಾಸಿನೊಳಗೆ ಆಡುವುದು, ನೋಡುವವರು ಯಾರೂ ಇಲ್ಲ, ಎಲ್ಲರೂ ಆಡುವವರೇ. ಅದನ್ನು ಹೇಗೆ ಮಾಡಬೇಕು ಅಂತ ಡಿಸೈನ್ ಥಿಂಕಿಂಗ್ ದಾರಿಯಲ್ಲಿ ಕಂಡುಕೊಳ್ಳೋಣ ಎಂದಳು. ಸಹಾಯಕ್ಕೆ ನಾವು ನಾಲ್ಕು ಜನ ತಾಯಂದಿರು ಹೆಸರು ಕೊಟ್ಟಿದ್ದೆವು.

"ಅದೇನೂ ದೊಡ್ಡದಲ್ಲ ಆಂಟಿ," ಎಂದು ಮೊದಲ ದಿನವೇ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಅವಳಿಗೂ ಅಲ್ಲಿ ಕನ್ನಡಕ್ಕೆ ಸಿಕ್ಕವಳು ನಾನೊಬ್ಬಳೇ. "ಮೊದಲು ಮಕ್ಕಳನ್ನೇ ಕೇಳೋದು. ನಿಜವಾದ ಕಷ್ಟ ಯಾವುದು ಅಂತ ಹುಡುಕೋದು. ಆಮೇಲೆ ಹರುಕುಮುರುಕಾಗಿ ಒಂದು ಮಾಡಿ ನೋಡೋದು. ಸರಿ ಹೋಗ್ಲಿಲ್ವಾ, ಎತ್ತಿ ಬಿಸಾಕಿ ಇನ್ನೊಂದು."

"ಬಿಸಾಕೂದೇನವಾ? ಮಾಡಿದ್ದನ್ನ?"

"ಹ್ಞೂಂ ಆಂಟಿ. ಬಿಸಾಕಕ್ಕೇ ಮಾಡೋದು."

ನಾನು ನಕ್ಕೆ. ಒಳಗೆ ಮಾತ್ರ ಅದು ಇಳಿಯಲಿಲ್ಲ.

ಮಕ್ಕಳನ್ನು ಕೇಳುವಾಗ ಒಂದೇ ನಿಯಮವಿತ್ತು: ಯಾರೂ ತಮ್ಮ ಮಕ್ಕಳನ್ನು ಕೇಳಬಾರದು. ನನ್ನ ಪಾಲಿಗೆ ಬಂದದ್ದು ರೈಲ್ವೆಯವರ ಅವಳಿ ಹುಡುಗಿಯರು. ನನ್ನ ಮಗಳು ಇನ್ನೊಬ್ಬ ತಾಯಿಯ ಪಾಲಿಗೆ ಹೋದಳು. "ಕ್ಲಾಸಿನಲ್ಲಿ ಕೈ ಎತ್ತದೆ ಇದ್ದದ್ದು ಯಾವಾಗ, ಯಾಕೆ" ಎಂಬುದು ಪ್ರಶ್ನೆ. ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೆಯೇ ಹಳದಿ ಚೀಟಿಯ ಮೇಲೆ, ಹೆಸರಿಲ್ಲದೆ ಬರೆದು ಗೋಡೆಗೆ ಅಂಟಿಸಬೇಕು. ಗೋಡೆಯ ತುಂಬ ಚೀಟಿಗಳಾದವು. ನಗುತ್ತಾರೆ. ಮಿಸ್ಸು ಗಡಿಯಾರ ನೋಡುತ್ತಾರೆ. ನನ್ನ ಇಂಗ್ಲಿಷ್ ದಾರಿಯಲ್ಲಿ ನಿಂತುಬಿಡುತ್ತದೆ. ಒಂದೊಂದೇ ಓದುತ್ತ ಬಂದವಳು ಕಿಟಕಿಯ ಪಕ್ಕದ ಚೀಟಿಯ ಮುಂದೆ ನಿಂತೆ.

"ತಪ್ಪಾದರೆ ಅಮ್ಮ ಬೈಯುವುದಿಲ್ಲ. ಏನೂ ಮಾತಾಡದೆ ಒರೆಸಿ ತಾನೇ ಸರಿಯಾಗಿ ಬರೆಯುತ್ತಾಳೆ. ಕ್ಲಾಸಿನಲ್ಲಿ ಒರೆಸಲು ಬರುವುದಿಲ್ಲವಲ್ಲ. ಅದಕ್ಕೇ ನಾನು ಹೇಳುವುದಿಲ್ಲ."

ಹೆಸರು ಬೇಕಾಗಿರಲಿಲ್ಲ. ಆ ಚೀಟಿಯ ಒಂದು ಮೂಲೆ ಎದ್ದಿತ್ತು. ಬೆರಳಿನಿಂದ ಒತ್ತಿ ಕೂರಿಸಿ ಮುಂದಿನ ಚೀಟಿಗೆ ಹೋದೆ. ಅಲ್ಲಿ ಏನು ಬರೆದಿತ್ತೋ ಇವತ್ತಿಗೂ ನೆನಪಿಲ್ಲ.

ಮನೆಯಲ್ಲಿ ಮಗಳಿಗೆ ಇದನ್ನು ಹೇಳಲಿಲ್ಲ. ರಾತ್ರಿ ಯಜಮಾನರಿಗೆ ಮಾತ್ರ ಹೇಳಿದೆ. ಅವರು, "ಬೈದಿದ್ರ ಒಂದಿಷ್ಟು ಜಗಳಾನಾದ್ರೂ ಮಾಡ್ತಿದ್ಲು," ಎಂದರು. ಅಂದಿನಿಂದ ನನಗೆ ಉಳಿದದ್ದು ಒಂದೇ ಆಸೆ. ನಾನು ಎದುರಿಗೆ ಇರುವಾಗ ನನ್ನ ಮಗಳು ಒಂದು ಸಲ ಬಾಯಿ ಬಿಟ್ಟು ತಪ್ಪು ಮಾತಾಡಬೇಕು, ಮಾತಾಡಿಯೂ ನನ್ನ ಮುಖ ನೋಡಬಾರದು. ಇದನ್ನು ಯಾವ ದೇವರ ಮುಂದೆ ಹೇಗೆ ಕೇಳುವುದು?

ಹುಡುಗಿ ಗೋಡೆಯ ಚೀಟಿಗಳನ್ನೆಲ್ಲ ಗುಂಪು ಮಾಡಿ, ನಡುವೆ ದೊಡ್ಡದಾಗಿ ಬರೆದಳು: ತಪ್ಪಾದರೂ ಏನೂ ಆಗದ ಒಂದು ಪೀರಿಯಡ್ ಹೇಗಿರುತ್ತದೆ? ಮೊದಲ ಪ್ರಯೋಗಕ್ಕೆ ವಿಜ್ಞಾನದ ಟೀಚರು ಅನ್ನ ಜೀರ್ಣವಾಗುವ ಪಾಠ ಆರಿಸಿದರು. ಒಬ್ಬ ಹುಡುಗ ಅನ್ನ, ಅವಳಿಗಳು ಹೊಟ್ಟೆ, ಆರೇಳು ಮಕ್ಕಳು ಸಣ್ಣ ಕರುಳು. ನನ್ನ ಮಗಳಿಗೆ ಚೀಟಿ ಎತ್ತಿದಾಗ ಬಂದದ್ದು ಲಿವರ್, ಅಂದರೆ ಯಕೃತ್ತು. ಪಿತ್ತರಸ ತಯಾರಿಸಿ ಕರುಳಿಗೆ ಬಿಡುವುದು, ತುಪ್ಪ ಎಣ್ಣೆಯಂಥ ಜಿಡ್ಡನ್ನು ಒಡೆಯುವುದು ಅದರ ಕೆಲಸ. ಸಾಮಾನು ಸರಂಜಾಮು ನನ್ನ ಜವಾಬ್ದಾರಿ.

"ಹಳೇ ನ್ಯೂಸ್‌ಪೇಪರು, ದಾರ, ಟೇಪು. ಅಷ್ಟೇ ಸಾಕು ಆಂಟಿ. ಹತ್ತು ನಿಮಿಷದ ಕೆಲಸ," ಎಂದಿದ್ದಳು ಹುಡುಗಿ. ಎರಡು ಸಲ ಹೇಳಿದ್ದಳು.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಭಾಳ ಮೃದು. ಒಂದು ದಿನ ಗದರಿದವರಲ್ಲ. ನಾವು ಹೊಲಿದ ಕರವಸ್ತ್ರವನ್ನು ಕೈಗೆ ತೆಗೆದುಕೊಂಡು ಮೊದಲು ಹಿಂಬದಿ ತಿರುಗಿಸುತ್ತಿದ್ದರು. ಹಿಂದೆ ಗಂಟು ಕಂಡರೆ ನಸುನಕ್ಕು, ಚಿಕ್ಕ ಕತ್ತರಿಯಿಂದ ಎಲ್ಲ ಬಿಚ್ಚಿ, ಬಟ್ಟೆ ಸವರಿ ವಾಪಸ್ ಕೊಡುತ್ತಿದ್ದರು. ಆ ನಸುನಗೆಗೆ ಹೆದರಿ ನಾನು ಹಿಂಬದಿಯನ್ನೂ ಮುಂಬದಿಯ ಹಾಗೆ ಹೊಲಿಯುವುದು ಕಲಿತೆ. ಅಂಥವಳು ಮಗಳ ಮೈಗೆ ನ್ಯೂಸ್‌ಪೇಪರ್ ಸುತ್ತಿ ಟೇಪು ಹಚ್ಚಲೇ?

ಹದಿನೈದು ದಿನ ಮಧ್ಯಾಹ್ನ ಕೂತು ಹೊಲಿದೆ. ಸಣ್ಣ ಕರುಳು ಆರು ಮೀಟರ್ ಉದ್ದ ಎಂದು ಪುಸ್ತಕದಲ್ಲಿತ್ತು. ಗುಲಾಬಿ ಸ್ಯಾಟಿನ್ ಆರು ಮೀಟರ್ ತಂದು ಅಂಚು ಮಡಿಚಿದೆ. ಕರುಳಿನ ಒಳಗೋಡೆಗೆ ಬೆರಳಿನಂಥ ಸಣ್ಣ ಕುಚ್ಚುಗಳಿರುತ್ತವಂತೆ, ಅದಕ್ಕೆ ಉಣ್ಣೆಯ ದಾರದಲ್ಲಿ ಕ್ರೋಶಾ ಹಾಕಿ ಇನ್ನೂರಕ್ಕೂ ಹೆಚ್ಚು ಕುಚ್ಚು ಹೆಣೆದೆ. ಯಕೃತ್ತಿಗೆ ಕಂದು ಮಖಮಲ್ಲು, ಒಳಗೆ ಅಸ್ತರು, ಬೆನ್ನಿಗೆ ಸಾಲಾಗಿ ಹನ್ನೊಂದು ಹುಕ್ಕು. ಹಿಂದಿನ ದಿನ ಹಾಕಿ ನೋಡಿದಾಗ ಮಗಳು ಕನ್ನಡಿಯ ಮುಂದೆ ಅಲ್ಲಾಡದೆ ನಿಂತಿದ್ದಳು. "ಹೆಂಗೈತಿ?" ಎಂದೆ. "ಚಂದ ಐತಿ ಅಮ್ಮಾ," ಎಂದಳು. ನನಗೆ ಅಷ್ಟೇ ಕೇಳಿಸಿತು.

ಆ ಶನಿವಾರ ಮೂರನೆಯ ಪೀರಿಯಡ್‌ಗೆ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ನಾನು ಚೀಲ ಬಿಚ್ಚಿ ಕರುಳನ್ನು ಹಾಸಿದೆ. ಟೀಚರು ಅಯ್ಯೋ ಎಂದು ಕೆನ್ನೆಗೆ ಕೈಯಿಟ್ಟುಕೊಂಡರು. ಇನ್ನಿಬ್ಬರು ತಾಯಂದಿರು ಕುಚ್ಚು ಮುಟ್ಟಿ ಮುಟ್ಟಿ ನೋಡಿದರು. ಒಬ್ಬರು ಅಂಚು ಮಗುಚಿ ಹಿಂಬದಿಯನ್ನೂ ನೋಡಿದರು. ನನಗೆ ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಮೈಸೂರಿನ ಹುಡುಗಿ ಮಾತ್ರ ಯಾವುದನ್ನೂ ಮುಟ್ಟದೆ, "ಆಂಟಿ, ಎಷ್ಟು ದಿನ ಕೂತಿದ್ರಿ ಇದಕ್ಕೆ?" ಎಂದಳು. ಅವಳ ಚೀಲದಲ್ಲಿ ಹಳೆಯ ನ್ಯೂಸ್‌ಪೇಪರಿನ ಕಟ್ಟು ಇಣುಕುತ್ತಿತ್ತು.

ಆಟ ಶುರುವಾಯಿತು. ಅಥವಾ ಶುರುವಾಗಬೇಕಿತ್ತು. ಅನ್ನವಾಗಬೇಕಿದ್ದ ಹುಡುಗ ಕರುಳಿನ ಬಾಯಿಗೆ ಬಂದು ಬಗ್ಗಿ ಶೂ ಬಿಚ್ಚಿದ. ಆಮೇಲೆ ಸಾಕ್ಸೂ ಬಿಚ್ಚಿ ಶೂ ಒಳಗಿಟ್ಟ, ಗುಡಿಯೊಳಗೆ ಹೋಗುವವನ ಹಾಗೆ. ಕರುಳಾದ ಮಕ್ಕಳು ಸ್ಯಾಟಿನ್ನಿನ ಎರಡೂ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ನಿಂತರು. ಅನ್ನ ಮೆಲ್ಲಗೆ, ಎಲ್ಲೂ ಒತ್ತದೆ, ಯಾರಿಗೂ ತಾಗದೆ ನಡೆದು ದಾಟಿತು. ಹೀಗೆ ದಾಟಿದರೆ ಯಾರ ಅನ್ನವೂ ಜೀರ್ಣವಾಗದು. ಮಖಮಲ್ಲಿನೊಳಗೆ ನನ್ನ ಮಗಳು ಕೈಗಳನ್ನು ಮೈಯಿಂದ ದೂರ ಹಿಡಿದು, ಒಗೆದು ತಂತಿಗೆ ಹಾಕಿದ ಅಂಗಿಯ ಹಾಗೆ ನಿಂತಿದ್ದಳು. ಅವಳ ಸರದಿ ಬಂದಾಗ ಪುಸ್ತಕದ ಎರಡು ಸಾಲನ್ನು ಒಂದಕ್ಷರ ಬಿಡದೆ ಒಪ್ಪಿಸಿ, ನನ್ನ ಕಡೆ ನೋಡಿದಳು.

ಎಲ್ಲ ಸರಿಯಾಗಿತ್ತು. ನಾನು ಆಸೆಪಟ್ಟದ್ದು ಮಾತ್ರ ಇದಲ್ಲ.

ಹುಡುಗಿ ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕೇಳಿದಳು, "ಇದರಲ್ಲಿ ಯಾವುದನ್ನು ಬಿಸಾಕೋಣ?" ಅಲ್ಲಿ ಮಾತು ಇಂಗ್ಲಿಷು, ಹಿಂದಿ, ತೆಲುಗು ಕಲಸಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಏನೂ ಬೇಡ ಮಿಸ್."

"ಎಲ್ಲಾ ಸೂಪರ್ ಮಿಸ್."

"ಆಂಟಿ ಎಷ್ಟು ಚೆನ್ನಾಗಿ ಹೊಲಿದಿದಾರೆ ಮಿಸ್."

ಹೇಳುವಾಗ ಎಲ್ಲರೂ ನನ್ನತ್ತ ಒಮ್ಮೆ ನೋಡುತ್ತಿದ್ದರು. ಟೀಚರೂ ನೋಡಿದರು. ಒಳ್ಳೆಯ ಮಕ್ಕಳು, ಒಳ್ಳೆಯ ಮನೆಗಳಲ್ಲಿ ಬೆಳೆದವರು. ನನ್ನ ಹದಿನೈದು ದಿನದ ಹೊಲಿಗೆಯನ್ನು ಅವರು ಹೇಗೆ ಬೇಡ ಅಂದಾರು? ಮನೆಯಲ್ಲಿ ಒಬ್ಬಳ ಬಾಯಿ ಕಟ್ಟಿದ್ದು ಸಾಲದು ಅಂತ ಇಲ್ಲಿ ಇಪ್ಪತ್ತೆಂಟು ಮಕ್ಕಳ ಬಾಯಿ ಕಟ್ಟಿ ಹಾಕಿದ್ದೆ. ಅದೂ ರೇಷ್ಮೆಯಂಥ ದಾರದಿಂದ.

ನಾನು ಹೊರಗೆ ಹೋದರೆ ಇವರು ಮಾತಾಡುತ್ತಾರೆ ಅನಿಸಿತು. "ಸ್ವಲ್ಪ ನೀರು ಕುಡಿದು ಬರ್ತೀನಿ," ಎಂದು ಎದ್ದೆ. ಬಾಗಿಲ ತನಕ ಹೋಗಿರಬೇಕು.

"ಅಮ್ಮಾ."

ಶಾಲೆಯಲ್ಲಿ ಮಗಳು ನನ್ನ ಜೊತೆ ಕನ್ನಡ ಆಡುವವಳಲ್ಲ. ಎದುರು ಬಂದರೂ "ಮಮ್ಮೀ" ಎಂದು ಮೆಲ್ಲಗೆ ಅಂದು ದಾಟಿಬಿಡುತ್ತಾಳೆ. ತಿರುಗಿದೆ.

"ಹೋಗಬ್ಯಾಡ. ಹುಕ್ಕು ಬಿಚ್ಚು."

"ಯಾಕವಾ? ಬಿಗಿ ಆತೇನು?"

"ಬಿಗಿ ಇಲ್ಲ. ಭಾಳ ಚಂದ ಐತಿ." ಅವಳ ಎರಡೂ ಕಿವಿ ಕೆಂಪಗಾಗಿದ್ದವು. "ಭಾಳ ಚಂದ ಐತಿ, ಅದಕ್ಕ ಬ್ಯಾಡ. ಇದನ್ನ ಹಾಕ್ಕೊಂಡು ಲಿವರ್ ಆಗಾಕ ಬರೂದಿಲ್ಲ ನನಗ. ಕೊಳೆ ಆದ್ರ ಏನ್ ಮಾಡ್ಲಿ ಅಂತ ಅದನ್ನ ನೋಡ್ಕೋತ ನಿಂತಿರ್ತೀನಿ."

ಮೈಸೂರಿನ ಹುಡುಗಿಗೆ ಮಾತ್ರ ಈ ಕನ್ನಡ ಅರ್ಥವಾಯಿತು. ಅವಳು ಬೇಕೆಂದೇ ಬೆನ್ನು ತಿರುಗಿಸಿ ಬೋರ್ಡು ಒರೆಸತೊಡಗಿದಳು. ನಾನು ಮಗಳ ಹಿಂದೆ ಮಂಡಿಯೂರಿ ಕೂತೆ. ಹನ್ನೊಂದು ಹುಕ್ಕು. ನಾಲ್ಕನೆಯದಕ್ಕೆ ಬಂದಾಗ ಅವಳ ಬೆನ್ನು ಪೂರಾ ಒದ್ದೆಯಾಗಿರುವುದು ಕಂಡಿತು. ಬಿಳಿ ಯೂನಿಫಾರ್ಮು ಮೈಗೆ ಅಂಟಿಕೊಂಡು, ಬೆನ್ನೆಲುಬಿನ ಸಣ್ಣ ಗುಬುಟುಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿದ್ದವು. ಹಿಂದಿನ ದಿನವೂ ಹೀಗೇ ಬೆವೆತಿದ್ದಳೋ ಏನೋ. ನಾನು ನೋಡಿದ್ದು ಹೊಲಿಗೆಯನ್ನು.

"ಎಲ್ಲಾ ಬಿಚ್ಚಿದಿಯೇನು?"

"ಇನ್ನೆರಡು ಅದಾವು, ತಡಿ."

ಮಖಮಲ್ಲು ಕಳಚಿ ಬಿದ್ದದ್ದೇ ತಡ, ಅನ್ನವಾಗಿದ್ದ ಹುಡುಗ ಕೈ ಎತ್ತಿದ. "ಮಿಸ್, ಕರುಳೂ ಬೇಡ ಮಿಸ್. ಜಾರ್ತದೆ. ಅದರ ಮೇಲೆ ಬಿದ್ದರೆ ಆಂಟಿಗೆ ಬೇಜಾರಾಗ್ತದೆ." ಅವಳಿಗಳಲ್ಲಿ ಒಬ್ಬಳು, "ನಾವೇ ಕರುಳಾಗಿ ನಿಲ್ಲೋಣ, ಅಮುಕಬೇಕಲ್ವಾ ಅದು?" ಎಂದಳು. ಇನ್ನೊಬ್ಬಳು ಆಗಲೇ ಹುಡುಗಿಯ ಚೀಲಕ್ಕೆ ಕೈ ಹಾಕಿ ನ್ಯೂಸ್‌ಪೇಪರು ಎಳೆಯುತ್ತಿದ್ದಳು. ಐದು ನಿಮಿಷದಲ್ಲಿ ಕೋಣೆಯ ಚಹರೆಯೇ ಬೇರೆ. ಎರಡು ಸಾಲು ಮಕ್ಕಳು ಎದುರುಬದುರು ನಿಂತು, ನಡುವೆ ಸಂದಿ ಮಾಡಿ, ಬಂದವರನ್ನು ಭುಜದಿಂದ ಅಮುಕಿ ಅಮುಕಿ ಮುಂದೆ ತಳ್ಳಬೇಕು. ಮಗಳು ಪೇಪರು ಚೂರು ಚೂರು ಹರಿದು ಮಡಿಲಲ್ಲಿ ತುಂಬಿಕೊಂಡಳು. ಅದು ಪಿತ್ತರಸ, ಮಕ್ಕಳ ಬಾಯಲ್ಲಿ ಬೈಲ್.

"ಅನ್ನ ಆಯ್ತು, ಬೇಳೆ ಆಯ್ತು. ತುಪ್ಪ ಯಾರು?" ಎಂದು ಟೀಚರು ಕೇಳಿದರು.

"ನಮ್ಮಮ್ಮ," ಎಂದಳು ಮಗಳು.

ನಲವತ್ತರ ಹತ್ತಿರದ ಹೆಂಗಸು, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೇಗೆ ಹೋಗಲಿ ಆ ಸಂದಿಯಲ್ಲಿ? ಸೆರಗು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದೆ. ಮೊದಲ ಭುಜ ತಾಗಿದಾಗ ಸಾರಿ ಎಂದೆ. ಎರಡನೆಯದಕ್ಕೂ ಸಾರಿ ಎಂದೆ. "ತುಪ್ಪ ಸಾರಿ ಹೇಳಲ್ಲ ಆಂಟೀ!" ಎಂದು ಯಾರೋ ಕೂಗಿದರು. ನಡುವಿಗೆ ಬರುವಷ್ಟರಲ್ಲಿ ಪಿನ್ನು ಹಾರಿ ನೆರಿಗೆ ಸಡಿಲಾಗಿತ್ತು. ಎದುರಿಗೆ ಮಗಳು, ಕಣ್ಣು ಅಗಲಿಸಿಕೊಂಡು, ಎರಡೂ ಕೈ ಮೇಲೆತ್ತಿ.

"ಏ ತುಪ್ಪಾ! ನಿಂತ್ಕೋ! ಆಸಿಡ್ ಹಾಕಿ ನಿನ್ನ ಸುಟ್ಟು ಹಾಕ್ತೀನಿ!"

ತಪ್ಪು. ಆಸಿಡ್ ಹೊಟ್ಟೆಯದು, ಯಕೃತ್ತಿನದಲ್ಲ. ನಾನೇ ಎಷ್ಟೋ ಸಲ ಕೇಳಿ ಒಪ್ಪಿಸಿಕೊಂಡ ಪಾಠ. ಟೀಚರ ಬಾಯಿ ತೆರೆಯಿತು. ನನ್ನ ಬಾಯಿಯೂ ತೆರೆಯಿತು. ಅಷ್ಟರಲ್ಲಿ ಬೇಳೆಯವನು ನನ್ನನ್ನು ಹಿಂದಿನಿಂದ ತಳ್ಳಿದ. ನನ್ನ ಮಾತು ಅಲ್ಲೇ ಉಳಿದುಹೋಯಿತು.

"ಏಯ್, ಆಸಿಡ್ ನಮ್ಮದು!" ಎಂದು ಅವಳಿಗಳು ಒಟ್ಟಿಗೆ ಕಿರುಚಿದರು. "ನಾವು ಹೊಟ್ಟೆ! ನಿಂದು ಬೈಲ್!"

ಮಗಳು ಒಂದು ಗಳಿಗೆ ನಿಂತಳು. ನಾನು ಒಂದು ಮೊಳ ದೂರದಲ್ಲಿದ್ದೆ. ಅವಳು ನನ್ನ ಮುಖ ನೋಡುತ್ತಾಳೆ ಎಂದು ಕಾದೆ. ನೋಡಲಿಲ್ಲ. ಅವಳಿಗಳ ಕಡೆ ತಿರುಗಿ, "ಹಾಂ ಹಾಂ, ಬೈಲ್! ಬೈಲ್!" ಎಂದು ನಕ್ಕು, ಹಣೆಗೆ ತಾನೇ ಹೊಡೆದುಕೊಂಡು, "ಸುಡಂಗಿಲ್ಲ, ಒಡೀತೀನಿ! ಚೂರು ಚೂರು ಮಾಡ್ತೀನಿ ತುಪ್ಪಾನ!" ಎಂದು ಮಡಿಲಿನ ಪೇಪರನ್ನೆಲ್ಲ ನನ್ನ ತಲೆಯ ಮೇಲೆ ಸುರಿದಳು. ಕನ್ನಡವೋ ಇಂಗ್ಲಿಷೋ, ಅವಳಿಗೂ ಆಗ ಗೊತ್ತಿದ್ದಂತಿಲ್ಲ.

ಗದ್ದಲ ಕೇಳಿ ಹೆಡ್‌ಮಿಸ್ಟ್ರೆಸ್ ಮೇಡಮ್ ಬಾಗಿಲಿಗೆ ಬಂದರು. ಕೂದಲಲ್ಲಿ ಪೇಪರು ಚೂರು ಇಟ್ಟುಕೊಂಡು ನಿಂತ ನನ್ನನ್ನು, ಮೂಲೆಯಲ್ಲಿ ಬಿದ್ದ ಮಖಮಲ್ಲನ್ನು, ಮಸಿ ಬಡಿದ ಇಪ್ಪತ್ತೆಂಟು ಬಿಳಿ ಯೂನಿಫಾರ್ಮುಗಳನ್ನು ನೋಡಿದರು.

"ಇದರಲ್ಲಿ ವಾರ್ಷಿಕೋತ್ಸವಕ್ಕೆ ಯಾವುದು?" ಎಂದರು.

"ಯಾವುದೂ ಇಲ್ಲ ಮೇಡಂ," ಎಂದಳು ಮೈಸೂರಿನ ಹುಡುಗಿ.

ಅವರು ಟೀಚರನ್ನು ನೋಡಿದರು. ಟೀಚರು ಅಂಗೈಯಲ್ಲಿ ಬೆವರೊರೆಸಿಕೊಂಡು, "ಮೇಡಂ, ಈ ಪಾಠ ನಾನು ಇನ್ನೊಮ್ಮೆ ಮಾಡಬೇಕಾಗಿಲ್ಲ," ಎಂದರು. ಮೇಡಮ್ ಸ್ವಲ್ಪ ಯೋಚಿಸಿ, "ಮುಂದಿನ ಶನಿವಾರ ಕಿಟಕಿ ಮುಚ್ಚಿಕೊಂಡು ಮಾಡಿ," ಎಂದು ಹೋದರು.

ಮನೆಗೆ ನಡೆದು ಬರುವಾಗ ಚೀಲ ಭಾರವಾಗಿತ್ತು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವ ತನಕ ಇಬ್ಬರೂ ನಿಂತೆವು. ಮಗಳು ಡಬ್ಬಿಗಳನ್ನು ಎಣಿಸುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು:

"ಬೇಜಾರಾತೇನು?"

"ಆತು," ಎಂದೆ. ಸುಳ್ಳು ಹೇಳಬಹುದಿತ್ತು. ಆ ದಿನ ಬೇಡ ಅನಿಸಿತು. "ಒಂದೀಟು ಆತು. ಕುಚ್ಚಿಗೆ."

"ಕುಚ್ಚು ಚಂದ ಅದಾವು," ಎಂದಳು. ಆಮೇಲೆ, "ನಿನ್ನ ಮೂಗಿನ ಮ್ಯಾಲೆ ಮಸಿ ಐತಿ. ತುಪ್ಪಾ," ಎಂದು ಮುಂದೆ ಓಡಿದಳು. ಗೇಟು ತೆರೆದಿತ್ತು.

ಸಂಜೆ ನಾನು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಅಂಗಳದಲ್ಲಿ ಬಿಲ್ಡಿಂಗಿನ ಚಿಕ್ಕ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಮಗಳು ಬೆಳಗಿನ ಆಟ ಹೂಡಿದ್ದಳು. ಯಾರನ್ನೋ ಅನ್ನ ಮಾಡಿದ್ದಳು, ಯಾರನ್ನೋ ಬೇಳೆ. ಪಿತ್ತರಸ ತುಂಬಿಡುವ ಸಣ್ಣ ಚೀಲ ದೇಹದಲ್ಲಿ ಎಲ್ಲಿರುತ್ತದೆ ಎಂದು ತನ್ನ ಪಕ್ಕೆಗೆ ಹೊಡೆದುಕೊಂಡು ಹೊಡೆದುಕೊಂಡು ತೋರಿಸುತ್ತಿದ್ದಳು. ದನಿ ಮೂರು ಮಹಡಿ ದಾಟಿ ಮೇಲೆ ಬರುತ್ತಿತ್ತು. ನಾನು ಕಟ್ಟೆಗೆ ಬಗ್ಗಿ ನೋಡಿದೆ, ಏನೋ ಹೇಳಹೋದೆ, ಬಿಟ್ಟೆ. ಕೈಯಲ್ಲಿದ್ದ ಟವೆಲ್ಲನ್ನು ಎರಡು ಸಲ ಮಡಿಚಿದೆ.

ಪಕ್ಕದ ತಂತಿಯಲ್ಲಿ ಬಟ್ಟೆ ತೆಗೆಯುತ್ತಿದ್ದವರು ನಮ್ಮ ಕೆಳಗಿನ ಮನೆಯವರು, ರಾಯಚೂರು ಕಡೆಯವರು, ಯಜಮಾನರು ರೈಲ್ವೆಯಲ್ಲಿ ಗಾರ್ಡು. ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, ಕೆಳಗೆ ಒಮ್ಮೆ ಇಣುಕಿ, ಮತ್ತೆ ತಮ್ಮ ಸೀರೆ ಎಳೆದುಕೊಳ್ಳುತ್ತ ಅವರು ಅಂದರು:

"ಏನ್ ಗಂಟಲ ಐತ್ರೀ ನಿಮ್ಮ ಹುಡುಗೀದು! ಪಿತ್ತಕೋಶ ಎಡಕ್ಕಂತ. ಆಪರೇಶನ್ ಮಾಡಿಸಿ ತಗಸೂ ತನಕ ನಂದು ಬಲಕ್ಕಿತ್ರೆವಾ."